ಸುಳಿವು ಕಟ್ಟುವ ಕೆಲಸ: ಟಿ.ವಿ. ನಿಧಿಬೇಟೆಗಳು ನಡೆಯುವ ಬಗೆ

1980ರ ದಶಕದ ಬ್ರಿಟನ್ನಿನ ಒಂದು ಟಿ.ವಿ. ಸ್ಟುಡಿಯೊ. ಕಣ್ಣು ಹಾಯಿಸಿದಲ್ಲೆಲ್ಲ ನಕಾಶೆಗಳು, ಪುಸ್ತಕಗಳು. ಇಬ್ಬರು ಸ್ಪರ್ಧಿಗಳು ಕೈಯಲ್ಲೊಂದು ಚೀಟಿ ಹಿಡಿದು ಅದರ ಮೇಲಿನ ಒಗಟನ್ನು ಮತ್ತೆ ಮತ್ತೆ ಓದುತ್ತಿದ್ದಾರೆ. ದೂರದ ಯಾವುದೋ ಹಳ್ಳಿಯ ಮೇಲೆ ಹೆಲಿಕಾಪ್ಟರ್ ಒಂದು ಸುತ್ತು ಹಾಕುತ್ತಿದೆ. ಅದರಲ್ಲಿರುವ ಯುವತಿಗೆ ಇವರ ಮಾತು ಕೇಳಿಸುತ್ತದೆ, ಇವರಿಗೆ ಅವಳ ಮಾತು ಕೇಳಿಸುತ್ತದೆ. ಆದರೆ ಅವಳು ನೋಡುತ್ತಿರುವುದು ಇವರಿಗೆ ಕಾಣುವುದಿಲ್ಲ. "ಎಡಕ್ಕೆ ಒಂದು ಹೊಳೆ ಇರಬೇಕು, ನೋಡಿ. ಅದರ ಪಕ್ಕ ಹಳೆಯ ಗಿರಣಿ ಇದೆಯೇ?" ಎಂದು ಇವರು ಕೇಳುತ್ತಾರೆ. ಹೆಲಿಕಾಪ್ಟರ್ ಇಳಿಯುತ್ತದೆ, ಅವಳು ಜಿಗಿದು ಓಡುತ್ತಾಳೆ. ಐದು ಸುಳಿವು, 45 ನಿಮಿಷ. ಎಲ್ಲವನ್ನೂ ಬಿಡಿಸಿದರೆ ಸಾವಿರ ಪೌಂಡ್.

ಚಾನೆಲ್ 4ರಲ್ಲಿ 1982ರ ಡಿಸೆಂಬರಿನಿಂದ 1989ರವರೆಗೆ ಬಂದ 'ಟ್ರೆಷರ್ ಹಂಟ್' ಇದು. ಹೆಚ್ಚಿನ ವರ್ಷಗಳಲ್ಲಿ ಓಡುತ್ತಿದ್ದಾಕೆ ಆನಿಕಾ ರೈಸ್. ಸ್ಟುಡಿಯೊ ನಡೆಸುತ್ತಿದ್ದವರು ಬಿಬಿಸಿಯ ಹಿಂದಿನ ವಾರ್ತಾವಾಚಕ ಕೆನೆತ್ ಕೆಂಡಲ್. ಸಾವಿರ ಪೌಂಡ್ ಆ ಕಾಲಕ್ಕೂ ಕಣ್ಣು ಕುಕ್ಕುವ ಮೊತ್ತವೇನಲ್ಲ. ಆದರೂ ಜನ ವಾರವಾರ ಕಾದು ನೋಡಿದರು. ಹಣಕ್ಕಿಂತ ಬಲವಾಗಿ ಅವರನ್ನು ಕೂರಿಸಿದ್ದು ಆ ಚೀಟಿಯ ಮೇಲಿನ ಎರಡು ಸಾಲು. ನಿಧಿಬೇಟೆಯ ಕಾರ್ಯಕ್ರಮ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಆ ಎರಡು ಸಾಲನ್ನು ಯಾರು, ಹೇಗೆ ಕಟ್ಟುತ್ತಾರೆ ಎಂಬಲ್ಲಿಂದ ಶುರು ಮಾಡಬೇಕು. ತಂಡಗಳ ಓಟ, ಹೆಲಿಕಾಪ್ಟರ್, ಕ್ಯಾಮೆರಾ, ಕಾನೂನು ಎಲ್ಲವೂ ಆ ಸುಳಿವಿನ ಮರ್ಯಾದೆ ಕಾಯಲು ನಿಂತಿರುವ ಕಾವಲುಗಾರರು.

ಮೂರು ಮಾದರಿಗಳು

ಟಿ.ವಿ.ಯ ನಿಧಿಬೇಟೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು, ಒಬ್ಬರು ಯೋಚಿಸಿ ಇನ್ನೊಬ್ಬರು ಓಡುವ ಮಾದರಿ. ಇದರ ಮೂಲ ಫ್ರಾನ್ಸಿನದು. ಝಾಕ್ ಆಂತ್ವಾನ್ ಎಂಬ ನಿರ್ಮಾಪಕ ರೂಪಿಸಿದ 'ಲಾ ಶಾಸ್ ಓ ತ್ರೆಜೋರ್' 1981ರಲ್ಲಿ ಅಲ್ಲಿ ಶುರುವಾಯಿತು. ಬ್ರಿಟನ್ನಿನ 'ಟ್ರೆಷರ್ ಹಂಟ್' ಅದರದೇ ಇಂಗ್ಲಿಷ್ ರೂಪ. ಇಲ್ಲಿ ತಲೆ ಒಂದು ಕಡೆ, ಕಾಲು ಒಂದು ಕಡೆ. ಒಬ್ಬರ ಕಣ್ಣು ಇನ್ನೊಬ್ಬರಿಗೆ ಮಾತಿನಲ್ಲೇ ದಾಟಬೇಕು. ಈ ಅಂತರವೇ ಆಟದ ಜೀವ.

ಎರಡನೆಯದು ಕೋಟೆಯೊಳಗಿನ ಬೇಟೆ. ಇದೂ ಆಂತ್ವಾನ್ ಅವರ ಕಲ್ಪನೆಯೇ. ಫ್ರಾನ್ಸಿನ ಪಶ್ಚಿಮ ಕರಾವಳಿಯಾಚೆ ಸಮುದ್ರದ ನಡುವೆ 19ನೇ ಶತಮಾನದಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಕೋಟೆಯೊಂದಿದೆ. ಅದೇ ಹೆಸರಿನ 'ಫೋರ್ ಬೊಯಾರ್' ಕಾರ್ಯಕ್ರಮ 1990ರಲ್ಲಿ ಶುರುವಾಯಿತು. ತಂಡ ಕೋಣೆಯಿಂದ ಕೋಣೆಗೆ ಓಡಿ ಬೀಗದ ಕೈಗಳನ್ನು ಗೆಲ್ಲಬೇಕು. ಹೊರಗೆ ನೀರಿನ ಗಡಿಯಾರ ಹರಿಯುತ್ತಿರುತ್ತದೆ. ನೀರು ಮುಗಿಯುವಷ್ಟರಲ್ಲಿ ಆಚೆ ಬರದಿದ್ದರೆ ಬಾಗಿಲು ಮುಚ್ಚುತ್ತದೆ, ಸ್ಪರ್ಧಿ ಸೆರೆಯಾಗುತ್ತಾನೆ. ಮುಂದಿನ ಹಂತದಲ್ಲಿ ಗೆದ್ದುಕೊಳ್ಳುವುದು ಬಿಡಿಬಿಡಿ ಪದಗಳನ್ನು. ಆ ಪದಗಳೆಲ್ಲ ಬೆರಳು ಮಾಡುವ ಒಂದೇ ಗುಪ್ತಪದವನ್ನು ತಂಡ ಊಹಿಸಬೇಕು. ಕೊನೆಗೆ ನಿಧಿಯ ಅಂಗಳದ ನೆಲದ ಮೇಲೆ ಬರೆದ ದೊಡ್ಡ ಅಕ್ಷರಗಳ ಮೇಲೆ ಒಬ್ಬೊಬ್ಬರಾಗಿ ನಿಂತು ಆ ಪದವನ್ನು ಮೈಯಿಂದಲೇ ಬರೆಯಬೇಕು. ಪದ ಸರಿಯಾದರೆ ಚಿನ್ನದ ಬಣ್ಣದ ನಾಣ್ಯಗಳು ಸುರಿಯುತ್ತವೆ. ಹೊತ್ತು ಮುಗಿದು ಸರಳು ಬಾಗಿಲು ಇಳಿಯುವ ಮೊದಲು ಬಾಚಿಕೊಂಡಷ್ಟು ಲಾಭ. ಹಲವಾರು ದೇಶಗಳ ತಂಡಗಳು ಇದೇ ಕೋಟೆಗೆ ಬಂದು ತಮ್ಮ ತಮ್ಮ ಭಾಷೆಯ ಆವೃತ್ತಿಗಳನ್ನು ಚಿತ್ರೀಕರಿಸಿಕೊಂಡು ಹೋಗಿವೆ.

ಮೂರನೆಯದು ದೇಶವನ್ನೇ ಅಂಗಳ ಮಾಡಿಕೊಳ್ಳುವ ಮಾದರಿ. ಅಮೆರಿಕದ ಎನ್‌ಬಿಸಿ ವಾಹಿನಿ 2006ರ ಜೂನ್‌ನಿಂದ ಆಗಸ್ಟ್‌ವರೆಗೆ ಪ್ರಸಾರ ಮಾಡಿದ 'ಟ್ರೆಷರ್ ಹಂಟರ್ಸ್' ಇದಕ್ಕೆ ನೇರ ಉದಾಹರಣೆ. ಮೂವರಂತೆ ಹತ್ತು ತಂಡಗಳು. ಪ್ರತಿ ತಂಡಕ್ಕೂ ಒಂದು ಗುರುತು: ವಾಯುಸೇನೆಯವರು, ಸಿಐಎಯ ಮಾಜಿ ನೌಕರರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಸೌಂದರ್ಯ ಸ್ಪರ್ಧೆಯ ಕಿರೀಟ ತೊಟ್ಟವರು, ಒಂದೇ ಮನೆಯ ಸದಸ್ಯರು. ಅಮೆರಿಕದ ಚರಿತ್ರೆಯ ಗುರುತುಗಳಲ್ಲಿ ಅಡಗಿಸಿದ ಸುಳಿವುಗಳನ್ನು ಹುಡುಕುತ್ತ ಹೋದಂತೆ ತಂಡಗಳು ಒಂದೊಂದಾಗಿ ಹೊರಬಿದ್ದವು. ಕೊನೆಗೆ ಮೂವತ್ತು ಲಕ್ಷ ಡಾಲರ್ ಗೆದ್ದದ್ದು 'ಜೀನಿಯಸಸ್' ಎಂಬ ತಂಡ. ಇದರ ನಿರ್ಮಾಣದಲ್ಲಿ ರಾನ್ ಹೋವರ್ಡ್ ಮತ್ತು ಬ್ರಯನ್ ಗ್ರೇಜರ್ ಅವರ ಇಮ್ಯಾಜಿನ್ ಸಂಸ್ಥೆ ಇತ್ತು; ಅದೇ ವರ್ಷ ತೆರೆಗೆ ಬಂದ 'ದ ಡಾ ವಿಂಚಿ ಕೋಡ್' ಚಿತ್ರದ ಹಿಂದೆ ಇದ್ದವರೂ ಇವರೇ. ಚಿತ್ರ, ಶಿಲ್ಪ, ಹಳೆಯ ಕಾಗದಗಳಲ್ಲಿ ಗುಟ್ಟು ಅಡಗಿದೆಯೆಂಬ ಕುತೂಹಲ ಆಗ ಜನರಲ್ಲಿ ಹಬ್ಬಿತ್ತು.

ಉತ್ತರದಿಂದ ಹಿಂದಕ್ಕೆ

ಸುಳಿವು ಬಿಡಿಸುವವನು ಪ್ರಶ್ನೆಯಿಂದ ಉತ್ತರಕ್ಕೆ ನಡೆಯುತ್ತಾನೆ. ಕಟ್ಟುವವನ ದಾರಿ ತಿರುಗಾಮುರುಗಾ. ಮೊದಲು ಜಾಗ ಆರಿಸುತ್ತಾನೆ. ಆಮೇಲೆ ಅಲ್ಲಿ ನಿಂತು, ಈ ಜಾಗದಲ್ಲಿರುವುದು ಬೇರೆಲ್ಲೂ ಇಲ್ಲದಂಥದ್ದು ಯಾವುದು ಎಂದು ಹುಡುಕುತ್ತಾನೆ. ಆ ಒಂದು ಗುಣವನ್ನು ಮುಚ್ಚಿಡುವ ಮಾತು ಯಾವುದೆಂದು ಕೊನೆಗೆ ಯೋಚಿಸುತ್ತಾನೆ.

ಹಂಪಿಯ ವಿರೂಪಾಕ್ಷ ದೇವಾಲಯವನ್ನೇ ತೆಗೆದುಕೊಳ್ಳಿ. ಒಳಗಿನ ಒಂದು ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬೀಳುವ ಬೆಳಕು ಗೋಪುರದ ಬಿಂಬವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. "ದೊಡ್ಡ ಗೋಪುರ ಇರುವ ಗುಡಿ" ಎಂದರೆ ಅದು ಸುಳಿವಲ್ಲ. ನಾಡಿನ ತುಂಬ ಗೋಪುರಗಳಿವೆ. "ಆಕಾಶ ಮುಟ್ಟುವವನು ಕತ್ತಲೆಯಲ್ಲಿ ತಲೆಕೆಳಗಾಗಿ ನಿಲ್ಲುತ್ತಾನೆ" ಎಂದರೆ ಸುಳಿವು. ಓದಿದಾಗ ಕಗ್ಗಂಟು, ಉತ್ತರ ತಿಳಿದ ಮೇಲೆ ಬೇರೆ ಯಾವ ಉತ್ತರವೂ ಒಗ್ಗದು. ಬಿಡಿಸುವ ಮೊದಲು ಕಷ್ಟ, ಬಿಡಿಸಿದ ಮೇಲೆ ಸ್ಪಷ್ಟ: ಒಳ್ಳೆಯ ಸುಳಿವಿನ ಲಕ್ಷಣ ಇಷ್ಟೇ. ನಮ್ಮ ಅಜ್ಜಿಯರು ಒಗಟು ಹಾಕುವಾಗ ಪಾಲಿಸುತ್ತಿದ್ದದ್ದೂ ಇದೇ ಧರ್ಮವನ್ನು.

ಎರಡು ಉತ್ತರವಿರುವ ಸುಳಿವು ಆಟವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ನಡೆಸಿದ ಒಂದು ಟ್ರೆಷರ್ ಹಂಟಿನಲ್ಲಿ ಕಲಿತೆ. "ಬಾಯಿಲ್ಲ, ಆದರೂ ಎಲ್ಲರಿಗೂ ಹೊತ್ತು ಹೇಳುತ್ತೇನೆ" ಎಂದು ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ವರಾಂಡದಲ್ಲಿ ತೂಗುಹಾಕಿದ ಗಂಟೆ. ಒಂದು ತಂಡ ಗ್ರಂಥಾಲಯದ ಗೋಡೆ ಗಡಿಯಾರದ ಕೆಳಗೆ ಅರ್ಧ ಗಂಟೆ ಹುಡುಕಿತು. ಅವರ ಉತ್ತರವೂ ಸರಿಯಾಗಿಯೇ ಇತ್ತು. ತಪ್ಪು ನನ್ನದು, ದಂಡ ತೆತ್ತವರು ಅವರು. "ಹೊಡೆತ ತಿಂದಾಗ ಮಾತ್ರ ಹೊತ್ತು ಹೇಳುತ್ತೇನೆ" ಎಂದು ಬರೆದಿದ್ದರೆ ಗಡಿಯಾರ ತಾನಾಗಿಯೇ ಆಚೆ ಉಳಿಯುತ್ತಿತ್ತು. ಮೂರೇ ಪದದ ಅಂತರ.

ಆದ್ದರಿಂದ ಸುಳಿವು ಕಟ್ಟುವವರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ. ಉತ್ತರ ಒಂದೇ ಇದೆಯೇ? ಬಿಡಿಸಲು ಬೇಕಾದ ತಿಳಿವಳಿಕೆ ಸ್ಪರ್ಧಿಯ ಕೈಗೆಟಕುವಂತಿದೆಯೇ? ಸರಿಯಾದ ಜಾಗ ತಲುಪಿದಾಗ ತಾನು ಸರಿ ಎಂದು ಅವನಿಗೆ ಗೊತ್ತಾಗುತ್ತದೆಯೇ? ತಪ್ಪು ಜಾಗ ತಲುಪಿದರೆ ಅದು ಬೇಗ ಗೊತ್ತಾಗುತ್ತದೆಯೇ? 'ಟ್ರೆಷರ್ ಹಂಟ್' ಸ್ಟುಡಿಯೊದಲ್ಲಿ ಪುಸ್ತಕ, ನಕಾಶೆಗಳನ್ನು ಇಟ್ಟದ್ದು ಎರಡನೆಯ ಪ್ರಶ್ನೆಗೆ ಉತ್ತರವಾಗಿ. ಯಾವುದೋ ಹಳ್ಳಿಯ ಚರ್ಚಿನ ಚರಿತ್ರೆ ಬಾಯಿಪಾಠ ಇರಬೇಕೆಂಬ ನಿರೀಕ್ಷೆ ಅಲ್ಲಿರಲಿಲ್ಲ. ಬೇಕಾದುದನ್ನು ಗಡಿಬಿಡಿಯಲ್ಲೂ ಹುಡುಕಿ ತೆಗೆಯುವ ಜಾಣ್ಮೆಗೆ ಅಲ್ಲಿ ಪರೀಕ್ಷೆ.

ಸರಪಳಿ, ಜಾಲ, ಗಂಟು

ಬಿಡಿ ಸುಳಿವುಗಳು ಸಿದ್ಧವಾದ ಮೇಲೆ ಅವನ್ನು ಪೋಣಿಸುವ ಕೆಲಸ. ಸುಲಭದ ಕ್ರಮ ಸರಪಳಿ: ಒಂದನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಒಯ್ಯುತ್ತದೆ. ನೋಡುವವರಿಗೆ ಇದು ಸಲೀಸು. ತೊಂದರೆ ಏನೆಂದರೆ, ಒಂದು ಕೊಂಡಿಯಲ್ಲಿ ಸಿಕ್ಕಿಕೊಂಡ ತಂಡಕ್ಕೆ ಬೇರೆ ದಾರಿಯೇ ಇಲ್ಲ. ಜಾಲದ ಕ್ರಮದಲ್ಲಿ ನಾಲ್ಕಾರು ಸುಳಿವುಗಳು ಒಟ್ಟಿಗೇ ತೆರೆದಿರುತ್ತವೆ. ಯಾವುದನ್ನು ಮೊದಲು ಹಿಡಿಯಬೇಕೆಂಬುದು ತಂಡದ ಆಯ್ಕೆ. ಮೂರನೆಯದು ಗಂಟಿನ ಕ್ರಮ: ದಾರಿಯುದ್ದಕ್ಕೂ ಸಿಕ್ಕ ತುಣುಕುಗಳೆಲ್ಲ ಕೊನೆಯಲ್ಲಿ ಕೂಡಿ ಒಂದೇ ಉತ್ತರವಾಗುತ್ತವೆ. 'ಫೋರ್ ಬೊಯಾರ್'ನ ಗುಪ್ತಪದ ಇಂಥದ್ದು. ನೋಡುವವರನ್ನು ಹೆಚ್ಚು ಸೆಳೆಯುವುದೂ ಇದೇ. ಮನೆಯಲ್ಲಿ ಕುಳಿತವರಿಗೂ ಅದೇ ಪದಗಳು ಕಾಣುತ್ತಿರುತ್ತವೆ. ತಂಡಕ್ಕಿಂತ ಮೊದಲೇ ಮಗಳೊಬ್ಬಳು ಉತ್ತರ ಕೂಗಿಬಿಟ್ಟರೆ ಆ ರಾತ್ರಿ ಅವಳೇ ಗೆದ್ದವಳು.

ಸಂಕೇತಭಾಷೆಯೂ ಸುಳಿವುಗಾರರ ಚೀಲದಲ್ಲಿರುವ ಸಾಮಾನು. ಇದಕ್ಕೆ ಕನ್ನಡಿಗರು ಹೊರಗೆ ಹುಡುಕಬೇಕಾಗಿಲ್ಲ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲಿ ಅಂಕೆ ಅಡಗಿಸಿದ ಕಟಪಯಾದಿ ಪದ್ಧತಿ ನಮ್ಮಲ್ಲಿದೆ. ಕ, ಟ, ಪ, ಯ ನಾಲ್ಕೂ ಅಕ್ಷರಗಳಿಗೆ ಬೆಲೆ 1. ಅಲ್ಲಿಂದ ಮುಂದಿನ ಅಕ್ಷರಗಳಿಗೆ ಸಾಲಾಗಿ 2, 3, 4. 'ಧೀರಶಂಕರಾಭರಣ'ದ ಮೊದಲ ಎರಡು ಅಕ್ಷರಗಳಲ್ಲಿ ಧ ಎಂದರೆ 9, ರ ಎಂದರೆ 2. ತಿರುಗಿಸಿ ಓದಿದರೆ 29. ಆ ರಾಗ 29ನೇ ಮೇಳ. 'ಮೇಚಕಲ್ಯಾಣಿ'ಯಲ್ಲಿ ಮ 5, ಚ 6, ತಿರುಗಿಸಿದರೆ 65. ಸುಳಿವಿನಲ್ಲಿ ಒಂದು ರಾಗದ ಹೆಸರನ್ನು ಸುಮ್ಮನೆ ಸುಳಿಸಿ, ಬೇರೊಂದು ಕಡೆ ಅಕ್ಷರಗಳ ಕೋಷ್ಟಕ ಸಿಗುವಂತೆ ಮಾಡಿದರೆ ಕಪಾಟಿನ ಸಂಖ್ಯೆಯನ್ನೋ ಮೆಟ್ಟಿಲಿನ ಸಂಖ್ಯೆಯನ್ನೋ ಚೆನ್ನಾಗಿ ಮುಚ್ಚಿಡಬಹುದು. ಕೋಷ್ಟಕ ಮಾತ್ರ ಕೈಗೆ ಸಿಗಲೇಬೇಕು. ಇಲ್ಲದಿದ್ದರೆ ಸಂಗೀತ ಕಲಿತವರಿಗಷ್ಟೇ ಅನುಕೂಲವಾಗುತ್ತದೆ.

ಮುಂದಿದ್ದವರನ್ನು ತಡೆಯುವುದು ಹೇಗೆ?

ನಿಜವಾದ ಓಟದಲ್ಲಿ ಮುಂದೆ ಹೋದವನು ಇನ್ನೂ ಮುಂದೆ ಹೋಗುತ್ತಾನೆ. ಟಿ.ವಿ.ಯಲ್ಲಿ ಹಾಗಾದರೆ ಮೂರನೇ ಕಂತಿಗೇ ಕಥೆ ಮುಗಿಯುತ್ತದೆ. ಹಾಗಾಗಿ ದಾರಿಯ ನಡುನಡುವೆ ಎಲ್ಲ ತಂಡಗಳೂ ಬಂದು ಸೇರುವಂಥ ತಡೆಗಳನ್ನು ಇಡುತ್ತಾರೆ. 2001ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ಶುರುವಾದ 'ದ ಅಮೇಜಿಂಗ್ ರೇಸ್' ಇದನ್ನು ಚೆನ್ನಾಗಿ ತೋರಿಸುತ್ತದೆ. ರಾತ್ರಿ ಎರಡಕ್ಕೆ ಬಂದ ತಂಡವೂ ನಸುಕಿನ ಐದಕ್ಕೆ ಬಂದ ತಂಡವೂ ಬೆಳಗ್ಗೆ ಒಂಬತ್ತಕ್ಕೆ ತೆರೆಯುವ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಒಟ್ಟಿಗೇ ಕಾಯಬೇಕು. ದಿನಕ್ಕೊಂದೇ ವಿಮಾನವಿದ್ದರೆ ಎಲ್ಲರೂ ಅದನ್ನೇ ಹತ್ತಬೇಕು. ಇದರಲ್ಲಿ ಮೋಸವಿಲ್ಲ, ಬಾಗಿಲು ತೆರೆಯುವ ಹೊತ್ತು ಎಲ್ಲರಿಗೂ ಒಂದೇ. ಆದರೆ ಮುಂದಿದ್ದವರ ದುಡಿಮೆ ಪೂರ್ತಿ ಅಳಿಸಿಹೋಗದಂತೆ, ಬಂದ ಸರದಿಯ ಪ್ರಕಾರ ಒಳಬಿಡುವಂಥ ಸಣ್ಣ ಲಾಭ ಅವರಿಗೆ ಉಳಿದರೆ ಆಟ ನ್ಯಾಯವಾಗಿರುತ್ತದೆ. ಕಣ್ಣಿಟ್ಟು ನೋಡಿ: ಒಳ್ಳೆಯ ಕಾರ್ಯಕ್ರಮದಲ್ಲಿ ಈ ತಡೆ ಎಲ್ಲ ತಂಡಗಳಿಗೂ ಒಂದೇ ಅಳತೆಯದು.

ಕ್ಯಾಮೆರಾದ ಹಿಂದೆ

ತೆರೆಯ ಮೇಲೆ ಕಾಣುವುದು ಓಡುವ ಸ್ಪರ್ಧಿ. ಅವನ ಹಿಂದೆ ಅಷ್ಟೇ ವೇಗದಲ್ಲಿ, ಭಾರ ಹೊತ್ತು ಓಡುವವರು ಕ್ಯಾಮೆರಾ ಹಿಡಿದವರು ಮತ್ತು ಧ್ವನಿ ಹಿಡಿಯುವವರು. ಆನಿಕಾ ರೈಸ್ ಬೇಲಿ ಹಾರಿದರೆ ಅವರೂ ಹಾರಬೇಕಿತ್ತು. 'ಅಮೇಜಿಂಗ್ ರೇಸ್'ನಲ್ಲಿ ಪ್ರತಿ ತಂಡದ ಜೊತೆಗೂ ಇಂಥ ಇಬ್ಬರು ಇರುತ್ತಾರೆ. ವಿಮಾನದಲ್ಲಿ ಅವರಿಗೂ ಜಾಗ ಸಿಕ್ಕರಷ್ಟೇ ತಂಡ ಹೊರಡಬಹುದು. ಉತ್ತರ ಗೊತ್ತಿದ್ದರೂ ಅವರು ಮುಖದಲ್ಲಿ ತೋರಿಸುವಂತಿಲ್ಲ. ಮೌನವಾಗಿರುವುದೂ ಅಲ್ಲಿ ಕೆಲಸದ ಒಂದು ಭಾಗ.

ಅವರಿಗಿಂತ ಮೊದಲೇ ಆ ದಾರಿ ನಡೆದವರು ಇನ್ನೊಂದು ಗುಂಪು. ಜಾಗ ನೋಡುವುದು, ಒಡೆಯರ ಒಪ್ಪಿಗೆ ಪಡೆಯುವುದು, ಸುಳಿವನ್ನು ಮಳೆಗೆ ನೆನೆಯದಂತೆ, ದಾರಿಹೋಕರು ಎತ್ತಿಕೊಂಡು ಹೋಗದಂತೆ ಕಾಯುವುದು ಅವರ ಪಾಲಿಗೆ. ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ: ಸುಳಿವು ಗೊತ್ತಿಲ್ಲದ ಯಾರನ್ನಾದರೂ ಕರೆದು ಅದೇ ಆಟ ಆಡಿಸಿ ನೋಡುವುದು. ಬರೆದವನ ಕಣ್ಣಿಗೆ ತನ್ನ ಒಗಟು ಯಾವಾಗಲೂ ಸುಲಭವಾಗಿಯೇ ಕಾಣುತ್ತದೆ.

ಆಮೇಲೆ ಬರುವುದು ಸಂಕಲನ. ಹಗಲಿಡೀ ನಡೆದ ಹುಡುಕಾಟ ಮುಕ್ಕಾಲು ಗಂಟೆಗೆ ಇಳಿಯಬೇಕು. ಎರಡು ತಂಡಗಳ ನಡುವೆ ಗಂಟೆಗಳ ಅಂತರವಿದ್ದರೂ ದೃಶ್ಯಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಕೂದಲೆಳೆಯ ಪೈಪೋಟಿ ಅನಿಸುತ್ತದೆ. ಆತಂಕ ಹೆಚ್ಚಿಸುವ ಸಂಗೀತ ಬಂದಾಗ ನೆರಳಿನ ಉದ್ದ ನೋಡಿ. ಒಂದು ತಂಡದ ನೆರಳು ಗಿಡ್ಡ, ಇನ್ನೊಂದರದ್ದು ಉದ್ದವಾಗಿದ್ದರೆ ಅವರು ಆ ಹೊತ್ತಿಗೆ ಹತ್ತಿರದಲ್ಲಿ ಇರಲಿಲ್ಲ ಎಂದೇ ಅರ್ಥ.

ನ್ಯಾಯದ ಬೇಲಿ

ಗೆದ್ದವನಿಗೆ ಗುಟ್ಟಾಗಿ ಉತ್ತರ ಹೇಳಿಕೊಟ್ಟರೆ ಆಟದಲ್ಲಿ ಉಳಿಯುವುದೇನು? 1950ರ ದಶಕದ ಅಮೆರಿಕದಲ್ಲಿ ಇದೇ ನಡೆಯಿತು. 'ಟ್ವೆಂಟಿ ಒನ್' ಎಂಬ ರಸಪ್ರಶ್ನೆಯಲ್ಲಿ ಗೆದ್ದು ಮನೆಮಾತಾಗಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರನ್, ತನಗೆ ಉತ್ತರಗಳನ್ನು ಮೊದಲೇ ಕೊಡಲಾಗಿತ್ತೆಂದು 1959ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡ. ಮರುವರ್ಷ ಸಂಪರ್ಕ ಕಾಯ್ದೆಗೆ ತಿದ್ದುಪಡಿ ಬಂತು. ಜ್ಞಾನ, ಕೌಶಲ ಅಥವಾ ಅದೃಷ್ಟದ ಸ್ಪರ್ಧೆಯಲ್ಲಿ ಜನರನ್ನು ವಂಚಿಸಲೆಂದು ಸ್ಪರ್ಧಿಗೆ ಗುಟ್ಟಾಗಿ ನೆರವಾಗುವುದು ಅಲ್ಲಿ ಅಪರಾಧವಾಯಿತು. ಅಮೆರಿಕದ ನಿಧಿಬೇಟೆಗಳೆಲ್ಲ ಈ ಬೇಲಿಯೊಳಗೇ ನಡೆಯುತ್ತವೆ.

ಟಿ.ವಿ.ಯ ಹೊರಗಿನ ಒಂದು ಪ್ರಸಂಗವೂ ಇಲ್ಲಿ ಸಲ್ಲುತ್ತದೆ. ಬ್ರಿಟನ್ನಿನ ಚಿತ್ರಕಾರ ಕಿಟ್ ವಿಲಿಯಮ್ಸ್ 1979ರಲ್ಲಿ 'ಮಾಸ್ಕರೇಡ್' ಎಂಬ ಚಿತ್ರಪುಸ್ತಕ ತಂದ. ತಾನೇ ಮಾಡಿದ ಚಿನ್ನದ ಮೊಲವೊಂದನ್ನು ಎಲ್ಲೋ ಹೂತಿದ್ದೇನೆ, ಜಾಗ ಈ ಚಿತ್ರಗಳಲ್ಲೇ ಇದೆ ಎಂದ. ಚಿತ್ರದ ಪ್ರಾಣಿಗಳ, ಮನುಷ್ಯರ ಕಣ್ಣಿನಿಂದ ಉದ್ದದ ಬೆರಳಿಗೆ ಗೆರೆ ಎಳೆದರೆ ಅದು ಅಂಚಿನ ಒಂದು ಅಕ್ಷರ ಮುಟ್ಟುತ್ತಿತ್ತು. ಅಕ್ಷರಗಳೆಲ್ಲ ಕೂಡಿ ಬೆಡ್‌ಫರ್ಡ್‌ಶೈರಿನ ಆಂಪ್ಟ್‌ಹಿಲ್ ಉದ್ಯಾನವನ್ನು ತೋರಿಸುತ್ತಿದ್ದವು. 1982ರಲ್ಲಿ ಮೊಲ ಒಬ್ಬನ ಕೈಸೇರಿತು. ಆದರೆ ಅವನು ಒಗಟು ಬಿಡಿಸಿರಲಿಲ್ಲ; ವಿಲಿಯಮ್ಸನ ಹಿಂದಿನ ಗೆಳತಿಯ ಕಡೆಯಿಂದ ಜಾಗದ ಸುಳಿವು ಸಿಕ್ಕಿತ್ತೆಂಬುದು 1988ರಲ್ಲಿ ಹೊರಬಂತು. ಚಿತ್ರಗಳನ್ನೇ ಓದಿ ಜಾಗ ಕಂಡುಕೊಂಡಿದ್ದ ಇಬ್ಬರು ಭೌತಶಾಸ್ತ್ರ ಶಿಕ್ಷಕರ ಕೈಗೆ ಮೊಲ ಬರಲಿಲ್ಲ. ಇಂದು ಆ ಕಥೆ ಓದುವಾಗ ನನ್ನ ಮನಸ್ಸು ನಿಲ್ಲುವುದು ಆ ಶಿಕ್ಷಕರ ಬಳಿಯೇ.

ನೀವೇ ನಡೆಸುವುದಾದರೆ

ನಮ್ಮ ಶಾಲೆ, ಕಾಲೇಜು, ಯುವಕ ಸಂಘಗಳ ಹಬ್ಬಗಳಲ್ಲಿ ಟ್ರೆಷರ್ ಹಂಟ್ ಈಗ ಸಾಮಾನ್ಯ. ಟಿ.ವಿ.ಯವರ ಹಣ ನಮ್ಮಲ್ಲಿರುವುದಿಲ್ಲ. ಅವರ ಶಿಸ್ತನ್ನು ಮಾತ್ರ ಪುಕ್ಕಟೆ ತೆಗೆದುಕೊಳ್ಳಬಹುದು.

ಮೂವರಿಂದ ಐವರ ತಂಡ ಸಾಕು. ಹೆಚ್ಚಾದರೆ ಇಬ್ಬರು ಯೋಚಿಸುತ್ತಾರೆ, ಉಳಿದವರು ಹಿಂಬಾಲಿಸುತ್ತಾರೆ. ಐದರಿಂದ ಏಳು ಸುಳಿವು, ಒಂದೂವರೆ ಗಂಟೆ. ಎಲ್ಲ ತಂಡಗಳನ್ನೂ ಒಂದೇ ಕ್ರಮದಲ್ಲಿ ಬಿಟ್ಟರೆ ಹಿಂದಿನವರು ಮುಂದಿನವರ ಬೆನ್ನು ಹಿಡಿಯುತ್ತಾರೆ. ಜಾಗಗಳು ಅವೇ ಇರಲಿ, ಪ್ರತಿ ತಂಡದ ಸರದಿ ಬೇರೆ ಇರಲಿ. ಕೊನೆಯ ಜಾಗ ಮಾತ್ರ ಎಲ್ಲರಿಗೂ ಒಂದೇ. ಮೊದಲ ಸುಳಿವು ಸುಲಭವಾಗಿರಲಿ, ಧೈರ್ಯ ಬರುತ್ತದೆ. ಪ್ರತಿ ಜಾಗದಲ್ಲೂ ತಂಡದ ಬಣ್ಣದ ಚೀಟಿ ಇಟ್ಟರೆ ತಾವು ಸರಿ ಎಂದು ಅವರಿಗೆ ಖಾತ್ರಿಯಾಗುತ್ತದೆ. ಹತ್ತು ನಿಮಿಷ ಸಿಕ್ಕಿಕೊಂಡವರಿಗೆ ಇನ್ನೊಂದು ಸುಳಿವು ಕೊಡಿ, ಒಟ್ಟು ಸಮಯಕ್ಕೆ ಐದು ನಿಮಿಷ ಸೇರಿಸಿ. ಮೊಬೈಲ್ ಬಳಸಬಹುದೇ ಎಂಬುದನ್ನು ಆಟಕ್ಕೆ ಮೊದಲೇ ಹೇಳಿ. ರಸ್ತೆ ದಾಟುವ, ಬಾವಿ, ಕೆರೆ, ಮಹಡಿಯ ಅಂಚು ಹುಡುಕಿಸುವ ಸುಳಿವು ಬೇಡ. ಬಿಸಿಲಿದ್ದರೆ ಪ್ರತಿ ಜಾಗದಲ್ಲೂ ಕುಡಿಯುವ ನೀರಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ನೆಲ ಅಗೆಯುವ ಸುಳಿವು ಬೇಡವೇ ಬೇಡ, ಹಳೆಯ ಗುಡಿ, ವೀರಗಲ್ಲು, ಶಾಸನಗಳ ಮೇಲೆ ಏನನ್ನೂ ಅಂಟಿಸಬೇಡಿ. ನಿಧಿಯಾಸೆಗೆ ವಿಗ್ರಹಗಳ ಪೀಠ ಕಿತ್ತ, ಗರ್ಭಗುಡಿ ಅಗೆದ ಗಾಯಗಳನ್ನು ನಮ್ಮ ನಾಡಿನ ಎಷ್ಟೋ ಗುಡಿಗಳು ಇಂದಿಗೂ ಹೊತ್ತು ನಿಂತಿವೆ. ನೆಲದಲ್ಲಿ ನಿಜವಾದ ನಿಧಿ ಸಿಕ್ಕರೂ ಅದು ತಾನಾಗಿಯೇ ಸಿಕ್ಕವನದಾಗುವುದಿಲ್ಲ. ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕೆಂದು ಕಾನೂನು ಹೇಳುತ್ತದೆ. ಕಲ್ಲನ್ನು ಮುಟ್ಟದೆ, ಅದನ್ನು ಓದಿ ಉತ್ತರ ಹುಡುಕುವುದನ್ನು ಮಕ್ಕಳಿಗೆ ಕಲಿಸಿದರೆ ಟ್ರೆಷರ್ ಹಂಟೇ ಆ ಗುಡಿಗಳಿಗೆ ಕಾವಲಾಗಬಲ್ಲದು. ಊರಿನ ಶಾಸನದಲ್ಲಿ ಯಾರ ಹೆಸರಿದೆ, ಬಾಗಿಲವಾಡದ ಮೇಲೆ ಎಷ್ಟು ಹಂಸಗಳಿವೆ ಎಂದು ಒಮ್ಮೆ ಎಣಿಸಿದ ಹುಡುಗ ಆ ಕಲ್ಲನ್ನು ಮರೆಯುವುದಿಲ್ಲ.

ಆಟ ಮುಗಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಬಹುಮಾನ ಕೊಡುವ ಮೊದಲು ಎಲ್ಲ ತಂಡಗಳನ್ನೂ ಕೂರಿಸಿ, ಒಂದೊಂದೇ ಸುಳಿವನ್ನು ಉತ್ತರದ ಜೊತೆ ಗಟ್ಟಿಯಾಗಿ ಓದಿ. ಆಗ ಗೆದ್ದವರನ್ನು ನೋಡಬೇಡಿ, ಸೋತವರ ಮುಖ ನೋಡಿ. "ಅಯ್ಯೋ, ಕಣ್ಣೆದುರೇ ಇತ್ತಲ್ಲ!" ಎಂದು ಅವರು ಹಣೆ ಚಚ್ಚಿಕೊಂಡು ನಕ್ಕರೆ ನೀವು ಸುಳಿವನ್ನು ಸರಿಯಾಗಿ ಕಟ್ಟಿದ್ದೀರಿ. ಯಾರಾದರೂ ಎದ್ದು ನಿಂತು "ಇದಕ್ಕೆ ಗಡಿಯಾರವೂ ಉತ್ತರವಾಗುತ್ತದಲ್ಲ?" ಎಂದು ಕೇಳಿದರೆ ಒಪ್ಪಿಕೊಂಡು ಅವರ ಅರ್ಧ ಗಂಟೆಯನ್ನು ಲೆಕ್ಕದಿಂದ ಕಳೆಯಿರಿ. ನಾನು ಅಂದು ಹಾಗೆ ಮಾಡಲಿಲ್ಲ. ಅದಾದ ಮೇಲೆ ಬರೆದ ಪ್ರತಿ ಸುಳಿವನ್ನೂ ಗಡಿಯಾರದ ಕೆಳಗೆ ಹುಡುಕುತ್ತಿದ್ದ ಆ ನಾಲ್ವರ ಕಣ್ಣಿನಿಂದ ಒಮ್ಮೆ ಓದಿಯೇ ಚೀಟಿ ಮಡಚುತ್ತೇನೆ.